ಪಾವಗಡದಲ್ಲಿ ಶೂಟಿಂಗ್: ಮೊದಲು ಮೀಟರ್, ಆಮೇಲೆ ಡ್ರೋನ್

ತುಮಕೂರಿನಲ್ಲಿ ಹೈಸ್ಕೂಲು ಮಕ್ಕಳಿಗಾಗಿ ತಂತ್ರಜ್ಞಾನದ ವಿಡಿಯೋ ಮಾಡುವುದು ನನ್ನ ಕೆಲಸ. ಪಾವಗಡದ ಸೋಲಾರ್ ಪಾರ್ಕಿಗೆ ಹೊರಟಿದ್ದೀವಿ ಅಂದ ಕೂಡಲೇ ಟೀಮಿಗೆ ಹೊಸದಾಗಿ ಸೇರಿದವರು ಕೇಳೋದು ಒಂದೇ, "ಸರ್, ಡ್ರೋನ್ ತಗೊಳ್ತೀವಿ ಅಲ್ವಾ?" ತಗೊಳ್ತೀವಿ. ತಿರುಮಣಿ, ವಳ್ಳೂರು, ಬಳಸಮುದ್ರದ ಸುತ್ತ ಸುಮಾರು 13,000 ಎಕರೆಯಲ್ಲಿ ಹರಡಿರುವ 2,050 ಮೆಗಾವಾಟ್ ಸಾಮರ್ಥ್ಯದ ಪಾರ್ಕ್ ಅದು. ಮೇಲಿಂದ ನೋಡಿದರೆ ಯಾರಿಗಾದರೂ ಬೆರಗಾಗುತ್ತದೆ. ಆದರೆ ಆ ಶಾಟ್ ನೋಡಿದ ಎಂಟನೇ ಕ್ಲಾಸಿನ ಹುಡುಗಿಗೆ ಪಾರ್ಕ್ ದೊಡ್ಡದು ಅನ್ನೋದು ಬಿಟ್ಟರೆ ಇನ್ನೇನು ಗೊತ್ತಾಯಿತು? ಬಿಸಿಲು ಕರೆಂಟ್ ಆಗೋದು ಹೇಗೆ ಅನ್ನೋದು ಆಕಾಶದಿಂದ ಕಾಣಲ್ಲ.

ಅದಕ್ಕೇ ಸ್ಕ್ರಿಪ್ಟ್ ಬರೆಯುವಾಗಲೇ ನಾನು ಕೇಳಿಕೊಳ್ಳುವುದು ಇಷ್ಟು: ಕ್ಯಾಮೆರಾ ಮುಂದೆ ಏನು ಬದಲಾಗುತ್ತದೆ? ಏನೂ ಬದಲಾಗದಿದ್ದರೆ ಆ ಶಾಟ್ ಎಷ್ಟೇ ಚೆಂದ ಇದ್ದರೂ ಪಾಠಕ್ಕೆ ಆಗಲ್ಲ.

ಒಂದು ಉದಾಹರಣೆ ಹೇಳುತ್ತೇನೆ. ಬಿಸಿಲು ಜಾಸ್ತಿಯಾದಷ್ಟೂ ಪ್ಯಾನಲ್ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಮಕ್ಕಳೂ ಅಂದುಕೊಂಡಿರುತ್ತಾರೆ, ಎಷ್ಟೋ ಜನ ಮೇಷ್ಟ್ರುಗಳೂ ಅಂದುಕೊಂಡಿರುತ್ತಾರೆ. ಬೆಳಕು ಬೇಕು, ನಿಜ. ಸೆಕೆ ಬೇಡ. ಪ್ಯಾನಲ್ ಕಾದಷ್ಟೂ ಅದರ ವೋಲ್ಟೇಜ್ ಇಳಿಯುತ್ತದೆ, ಪ್ರತಿ ಡಿಗ್ರಿಗೆ ಹೆಚ್ಚು ಕಡಿಮೆ ನೂರಕ್ಕೆ 0.3ರಷ್ಟು. ಇದನ್ನು ಗ್ರಾಫ್ ಹಾಕಿ ಹೇಳಬಹುದು, ಆದರೆ ಯಾರ ತಲೆಯಲ್ಲೂ ಉಳಿಯಲ್ಲ. ನಾವು ಮಾಡಿದ್ದು ಇಷ್ಟೇ. ಯಾವುದಕ್ಕೂ ಜೋಡಿಸದ ಒಂದು ಬಿಡಿ ಪ್ಯಾನಲನ್ನು ಅಲ್ಲಿನ ಟೆಕ್ನೀಷಿಯನ್ ಬೆಳಿಗ್ಗೆಯೇ ಬಿಸಿಲಿಗೆ ಇಟ್ಟು ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಚ್ಚಿದರು. ಗಾಜು ಇನ್ನೂ ತಣ್ಣಗಿತ್ತು, 44 ವೋಲ್ಟಿನ ಆಸುಪಾಸು ತೋರಿಸಿತು. ಅದೇ ಪ್ಯಾನಲ್, ಅದೇ ಮೀಟರ್, ಮಧ್ಯಾಹ್ನ ಗಾಜಿನ ಮೇಲೆ ಕೈ ಇಡೋಕಾಗದಷ್ಟು ಕಾದಾಗ 40ಕ್ಕೆ ಇಳಿದಿತ್ತು. ಟ್ರೈಪಾಡ್ ಕದಲಿಸದೆ ತೆಗೆದ ಎರಡು ಶಾಟ್, ಅಕ್ಕಪಕ್ಕ ಇಟ್ಟರೆ ಸಾಕು, ಹಿನ್ನೆಲೆ ಮಾತೇ ಬೇಕಿಲ್ಲ. ಬರೀ ನೆತ್ತಿ ಸುಡುವ ಬಿಸಿಲಿದ್ದರೆ ಸಾಲದು, ಪ್ಯಾನಲ್ ತಣ್ಣಗಿರೋಕೆ ಗಾಳಿಯೂ ಆಡಬೇಕು ಅಂತ ಮಕ್ಕಳು ತಾವೇ ಹೇಳುತ್ತಾರೆ.

ಒಂದು ಎಚ್ಚರಿಕೆ. ಪಾರ್ಕಿನಲ್ಲಿ ಸಾಲಾಗಿ ಜೋಡಿಸಿದ ಪ್ಯಾನಲ್‌ಗಳಲ್ಲಿ ಸಾವಿರ ವೋಲ್ಟಿನ ಹತ್ತಿರದ, ಕೆಲವು ಕಡೆ ಅದಕ್ಕೂ ಜಾಸ್ತಿಯ ಡಿಸಿ, ಅಂದರೆ ಒಂದೇ ದಿಕ್ಕಿಗೆ ಹರಿಯುವ ಕರೆಂಟ್, ಇರುತ್ತದೆ. ಸೂರ್ಯ ಇರುವವರೆಗೂ ಅದನ್ನು ಪೂರ್ತಿ ಆಫ್ ಮಾಡೋಕೆ ಬರಲ್ಲ. ಶಾಟ್ ಚೆನ್ನಾಗಿ ಬರುತ್ತೆ ಅಂತ ವೈರ್, ಕನೆಕ್ಟರ್ ಮುಟ್ಟೋಕೆ ಯಾರೂ ಹೋಗಬಾರದು. ಮುಟ್ಟುವವರು ಟೆಕ್ನೀಷಿಯನ್ ಮಾತ್ರ, ನಮ್ಮ ಕೆಲಸ ಅವರ ಕೈಯನ್ನು ತೋರಿಸುವುದು.

ಟೈಮ್ ಟೇಬಲ್ ಹಾಕುವ ಮುಂಚೆ ಪ್ಯಾನಲ್ ತೊಳೆಯುವವರನ್ನು ಕೇಳಿ, ಮ್ಯಾನೇಜರನ್ನಲ್ಲ. ಕಾದ ಗಾಜಿಗೆ ತಣ್ಣೀರು ಬಿದ್ದರೆ ಬಿರುಕು ಬಿಡಬಹುದು ಅಂತ ತೊಳೆಯುವ ಕೆಲಸ ಹೊತ್ತು ಏರುವ ಮೊದಲೋ ಸಂಜೆಯೋ ನಡೆಯುತ್ತದೆ. ಧೂಳು ಮೆತ್ತಿದ ಪ್ಯಾನಲ್, ಪಕ್ಕದಲ್ಲೇ ಈಗಷ್ಟೇ ತೊಳೆದದ್ದು, ಈ ಶಾಟ್ ಬೇಕು ಅಂದರೆ ತುಮಕೂರಿನಿಂದ ಬೆಳಿಗ್ಗೆ ತಿಂಡಿ ತಿಂದು ಹೊರಟರೆ ಸಿಗಲ್ಲ, ಹಿಂದಿನ ರಾತ್ರಿಯೇ ಮಧುಗಿರಿ ದಾಟಿ ಪಾವಗಡದಲ್ಲಿ ಉಳಿಯಬೇಕು.

ಸಾಮಾನಿನ ವಿಷಯ ಬೇಗ ಮುಗಿಸುತ್ತೇನೆ. ಕ್ಯಾಮೆರಾಗೂ ಒಂದು ಛತ್ರಿ ಬೇಕು, ಬ್ಯಾಟರಿಗಳನ್ನು ನೆರಳಲ್ಲಿಡಿ. ಗಾಜಿನ ಹೊಳಪು ತಗ್ಗಿಸೋಕೆ ಪೋಲರೈಸರ್ ಫಿಲ್ಟರ್ ಇರಲಿ. ಡ್ರೋನ್ ಹಾರಿಸೋಕೆ ಸರ್ಕಾರದ ಡ್ರೋನ್ ವೆಬ್‌ಸೈಟ್ ಡಿಜಿಟಲ್ ಸ್ಕೈನ ನಕ್ಷೆಯಲ್ಲಿ ಜಾಗ ಯಾವ ವಲಯದಲ್ಲಿದೆ ಅಂತ ನೋಡಿ, ಪಾರ್ಕಿನವರ ಅನುಮತಿಯನ್ನೂ ಬರಹದಲ್ಲೇ ತಗೊಳ್ಳಿ. ಇನ್ವರ್ಟರ್ ಹತ್ತಿರ ಮಾತು ರೆಕಾರ್ಡ್ ಮಾಡಬೇಡಿ, ಆ ಗುಂಯ್ ಶಬ್ದ ಎಡಿಟಿಂಗ್‌ನಲ್ಲಿ ಪೂರ್ತಿ ಹೋಗಲ್ಲ. ಆದರೆ ಅದೇ ಶಬ್ದವನ್ನು ಬೇರೆಯಾಗಿ ಒಂದು ನಿಮಿಷ ಹಿಡಿದಿಟ್ಟುಕೊಳ್ಳಿ, ಡಿಸಿ ಕರೆಂಟ್ ಮನೆಗೆ ಬರುವಂಥ ಎಸಿ ಆಗುವ ಜಾಗ ತೋರಿಸುವಾಗ ಬೇಕಾಗುತ್ತದೆ.

ಇನ್ನು ಜನ. ಈ ಪಾರ್ಕಿನ ವಿಶೇಷ ಪ್ಯಾನಲ್ ಅಲ್ಲ, ಜಮೀನು. ರೈತರಿಂದ ಕೊಂಡಿಲ್ಲ, ಬಾಡಿಗೆಗೆ ತಗೊಂಡಿದ್ದಾರೆ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ. ಬರದ ತಾಲ್ಲೂಕಿನಲ್ಲಿ ಕಡಲೆಕಾಯಿ ಬೆಳೆದು ಮಳೆಗೆ ಕಾಯುತ್ತಿದ್ದವರಿಗೆ ಅದು ನಂಬಿಕೆಯ ದುಡ್ಡು. ಜಮೀನಿಲ್ಲದೆ ಕೂಲಿಗೆ ಹೋಗುತ್ತಿದ್ದವರಿಗೆ ಬಾಡಿಗೆ ಬರಲ್ಲ, ಆ ಹೊಲದ ಕೂಲಿಯೂ ಹೋಯಿತು. ಇಬ್ಬರನ್ನೂ ಮಾತಾಡಿಸದೆ ಪಾವಗಡದ ವಿಡಿಯೋ ಮಾಡಬಾರದು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ. ತಂತ್ರಜ್ಞಾನದ ಪಾಠದಲ್ಲಿ ಇದೆಲ್ಲ ಯಾಕೆ ಅಂತ ಕೇಳುವವರಿದ್ದಾರೆ. ಪ್ಯಾನಲ್ ನಿಂತಿರೋದು ಆ ನೆಲದ ಮೇಲೇ ಅಲ್ವಾ?

ಪಾವಗಡದ ಮೂರು ಕಡೆಯೂ ಆಂಧ್ರ. ಮನೆಮಾತು ತೆಲುಗು ಇರುವವರು ತುಂಬಾ ಜನ. ಕ್ಯಾಮೆರಾ ಇಟ್ಟ ಕೂಡಲೇ ಕಷ್ಟಪಟ್ಟು ಪುಸ್ತಕದ ಕನ್ನಡಕ್ಕೆ ತಿರುಗುತ್ತಾರೆ, ಮಾತು ಅಲ್ಲೇ ಒಣಗಿಹೋಗುತ್ತದೆ. "ಅಜ್ಜಿ, ನೀವು ಮನೇಲಿ ಹೆಂಗೆ ಮಾತಾಡ್ತೀರೋ ಹಂಗೇ ಹೇಳಿ" ಅನ್ನಿ. ಡಬ್ ಮಾಡಬೇಡಿ. ಕೆಳಗೆ ಕನ್ನಡದಲ್ಲಿ ದಪ್ಪ ಅಕ್ಷರದ ಸಬ್‌ಟೈಟಲ್ ಹಾಕಿ, ಹಿಂದಿನ ಬೆಂಚಿನ ಮಗುವಿಗೂ ಓದೋಕಾಗುವಷ್ಟು ಹೊತ್ತು ಪರದೆ ಮೇಲೆ ಬಿಡಿ.