ಉಗುರಿನ ಮೇಲೊಂದು ಗೆರೆ

ನಾಲ್ಕು ವರ್ಷಗಳ ಹಿಂದೆ, ಮಳೆ ನಿಂತು ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೆ, ನನ್ನ ಎಡಗಾಲಿನ ಹೆಬ್ಬೆರಳಿನ ಉಗುರು ತುದಿಯಲ್ಲಿ ಹಳದಿಗಟ್ಟಿತ್ತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಂಬೂಟಿನೊಳಗೆ ನೆನೆಯುವ ಕಾಲಿಗೆ ಇಷ್ಟಾಗುವುದು ಸಹಜವೆಂದು ಸುಮ್ಮನಿದ್ದೆ. ಇನ್ನೊಂದು ಮಳೆಗಾಲ ಕಳೆಯುವಷ್ಟರಲ್ಲಿ ಹಳದಿ ಮುಕ್ಕಾಲು ಉಗುರಿಗೆ ಹಬ್ಬಿತು; ಉಗುರು ದಪ್ಪವಾಗಿ ನೇಲ್ ಕಟರ್‌ನ ಬಾಯಿಗೆ ಸಿಗದಂತಾಯಿತು; ಅಡಿಯಲ್ಲಿ ಕೆರೆದರೆ ಒಣಸುಣ್ಣದಂಥ ಪುಡಿ ಉದುರುತ್ತಿತ್ತು. ನೋವು ಮಾತ್ರ ಇರಲಿಲ್ಲ, ಆದ್ದರಿಂದಲೇ ಅಷ್ಟು ದಿನ ತಳ್ಳಿಕೊಂಡು ಬಂದೆ.

ಮನೆಯವರು ಇದನ್ನು ಉಗುರುಸುತ್ತು ಎಂದು ಬಗೆದು ನಿಂಬೆಹಣ್ಣಿಗೆ ಬೆರಳು ತೂರಿಸಲು ಹೇಳಿದರು. (ಕಾಲಿನ ಹೆಬ್ಬೆರಳಿಗೆ ಹೊಂದುವ ನಿಂಬೆಹಣ್ಣು ನಮ್ಮ ಹಿತ್ತಲಿನಲ್ಲಿ ಬೆಳೆಯುವುದಿಲ್ಲ.) ಉಗುರುಸುತ್ತಿನಲ್ಲಿ ಉಗುರಿನ ಸುತ್ತಲಿನ ಚರ್ಮ ಕೆಂಪಾಗಿ ಊದಿ, ಕೀವು ತುಂಬಿ ಸಿಡಿಯುತ್ತದೆ. ನನ್ನದು ಉಗುರಿನೊಳಗೇ ಬೇರೂರಿದ ಶಿಲೀಂಧ್ರ. ಹೆಚ್ಚಿನವರಲ್ಲಿ ಇದಕ್ಕೆ ಕಾರಣವಾಗುವ ಟ್ರೈಕೊಫೈಟಾನ್ ರೂಬ್ರಮ್ ಉಗುರನ್ನು ಗಟ್ಟಿಯಾಗಿಸುವ ಕೆರಾಟಿನ್ ಎಂಬ ಪ್ರೋಟೀನನ್ನು ತಿಂದು ಬದುಕುತ್ತದೆ, ಮತ್ತು ಅನೇಕ ವೇಳೆ ಬೆರಳಸಂದಿಯ ಸೋಂಕಿನಿಂದಲೇ ಉಗುರಿಗೆ ದಾಟುತ್ತದೆ. ಅಡಿಕೆಯ ಕೊಳೆರೋಗಕ್ಕೆ ಮಳೆಗೆ ಮೊದಲೇ ಬೋರ್ಡೋ ಎಂಬ ಶಿಲೀಂಧ್ರನಾಶಕ ದ್ರಾವಣ ಹೊಡೆಸುವ ನಾನು, ಬೆರಳಸಂದಿಯ ತುರಿಕೆಯನ್ನು ವರ್ಷಗಟ್ಟಲೆ ಲೆಕ್ಕಕ್ಕೇ ಇಟ್ಟಿರಲಿಲ್ಲ.

ಮುಂದಿನ ಬೇಸಿಗೆಯಲ್ಲಿ ಕಂಡ ಚರ್ಮವೈದ್ಯರು ಉಗುರು ನೋಡಿದೊಡನೆ ಮಾತ್ರೆ ಬರೆಯದೆ, ಅಡಿಯ ಪುಡಿಯನ್ನು ಕೆರೆದು ಪರೀಕ್ಷೆಗೆ ಕಳುಹಿಸಿದರು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಉಗುರಿನ ಅಂಶ ಕರಗಿದ ಮೇಲೆ ಶಿಲೀಂಧ್ರದ ಎಳೆಗಳು ಸೂಕ್ಷ್ಮದರ್ಶಕಕ್ಕೆ ಕಾಣುತ್ತವೆ. ಈ ಪರೀಕ್ಷೆ ಬಿಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಸೋರಿಯಾಸಿಸ್ ಎಂಬ ಚರ್ಮರೋಗದಿಂದಲೂ ಬಿಗಿಯಾದ ಶೂ ಒತ್ತುವುದರಿಂದಲೂ ಉಗುರು ಹೀಗೆಯೇ ಕೆಡುತ್ತದೆ. ಉಗುರಿನಲ್ಲಿ ಹೊಸದಾಗಿ ಕಪ್ಪುಗೆರೆ ಮೂಡಿದರಂತೂ ಅದು ಅಪರೂಪಕ್ಕೆ ಕ್ಯಾನ್ಸರ್ ಕೂಡ ಆಗಿರಬಹುದಾದ್ದರಿಂದ, ತಡಮಾಡದೆ ತೋರಿಸಬೇಕು.

ಸೋಂಕು ತುದಿಯಲ್ಲಷ್ಟೇ ಇದ್ದಾಗ ಉಗುರನ್ನು ಅರದಿಂದ ಉಜ್ಜಿ, ವಾರಕ್ಕೊಮ್ಮೆ ಅಮೊರೊಲ್ಫಿನ್ ಎಂಬ ಶಿಲೀಂಧ್ರನಾಶಕ ಲೇಪಿಸುವುದುಂಟು. ಮೆಡಿಕಲ್ ಶಾಪ್‌ನಲ್ಲಿ ನಾನೇ ಕೇಳಿ ತಂದಿದ್ದ ಚರ್ಮದ ಮುಲಾಮು ದಪ್ಪ ಉಗುರನ್ನು ದಾಟುವಂಥದ್ದೇ ಆಗಿರಲಿಲ್ಲ. ನನಗೆ ಬರೆದುಕೊಟ್ಟದ್ದು ಶಿಲೀಂಧ್ರ ಕೊಲ್ಲುವ ಟರ್ಬಿನಾಫಿನ್ 250 ಮಿಲಿಗ್ರಾಂ ಮಾತ್ರೆ, ದಿನಕ್ಕೊಂದರಂತೆ 12 ವಾರ. ಕೈಯುಗುರಿಗಾದರೆ ಸಾಮಾನ್ಯವಾಗಿ 6 ವಾರ. ಯಕೃತ್ತಿಗೆ ತೊಂದರೆಯಾಗುವ ಸಾಧ್ಯತೆ ಇರುವುದರಿಂದ ಮೊದಲು ರಕ್ತಪರೀಕ್ಷೆಯಾಯಿತು. ಈ ಮಾತ್ರೆಯನ್ನು ಚೀಟಿಯಿಲ್ಲದೆ ಕೊಂಡು ನುಂಗಬಾರದು.

12 ವಾರ ಮುಗಿದರೂ ಉಗುರು ಮೊದಲಿನಷ್ಟೇ ಕುರೂಪವಾಗಿತ್ತು. ಆದರೆ ಮೊದಲ ದಿನವೇ ವೈದ್ಯರು ಹಳದಿ ಮತ್ತು ಒಳ್ಳೆಯ ಉಗುರು ಕೂಡುವಲ್ಲಿ ಅರದಿಂದ ಸಣ್ಣ ಗೆರೆ ಗೀರಿದ್ದರು. ಕಾಲಿನ ಉಗುರು ಬೆಳೆಯುವುದು ತಿಂಗಳಿಗೆ ಸುಮಾರು 1.5 ಮಿಲಿಮೀಟರ್, ಪೂರ್ತಿ ಹೊಸದಾಗಲು 12ರಿಂದ 18 ತಿಂಗಳು ಬೇಕು. ಹಳದಿ ಆ ಗೆರೆಯನ್ನು ದಾಟಿ ಹಿಂದಕ್ಕೆ ಬಾರದಿದ್ದರೆ ಔಷಧ ಹಿಡಿದಿದೆ ಎಂದರ್ಥ. ಪ್ರತಿ ಸಂಕ್ರಮಣಕ್ಕೂ ಸ್ಕೇಲ್ ಇಟ್ಟು ಅಳೆಯುತ್ತಿದ್ದೆ.

ಈಗ ಎರಡು ಜೊತೆ ಗಂಬೂಟುಗಳನ್ನು ದಿನ ಬಿಟ್ಟು ದಿನ ಹಾಕಿ, ಇನ್ನೊಂದನ್ನು ಒಣಗಿಸುತ್ತೇನೆ; ಸ್ನಾನದ ನಂತರ ಬೆರಳಸಂದಿಗಳನ್ನು ಒರೆಸುತ್ತೇನೆ; ನನ್ನ ನೇಲ್ ಕಟರ್ ಬೇರೆಯೇ ಇದೆ. ಸಕ್ಕರೆ ಕಾಯಿಲೆಯಿರುವ ನನ್ನ ಅಣ್ಣನ ಕಾಲನ್ನೂ ವಾರಕ್ಕೊಮ್ಮೆ ನೋಡುತ್ತೇನೆ, ಏಕೆಂದರೆ ಸ್ಪರ್ಶಜ್ಞಾನ ಕಡಿಮೆಯಾದ ಪಾದದಲ್ಲಿ ದಪ್ಪ ಉಗುರು ಒತ್ತಿ ಹುಣ್ಣಾದರೂ ಅವನಿಗೆ ತಿಳಿಯದೆ ಹೋಗಬಹುದು. ನನ್ನ ಉಗುರಿನ ಆ ಗೆರೆ ತುದಿ ಮುಟ್ಟಿ ಕಟರ್‌ಗೆ ಸಿಕ್ಕಿದ್ದು ಮರುವರ್ಷದ ಶಿವರಾತ್ರಿಯ ಹೊತ್ತಿಗೆ.