ಮಿಲ್ಟ್ರಿ ಮಾಸ್ತರ ಮೇಲ್ಮನೆಗೆ ಹೋಗಬೇಕೆಂದರೆ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆ 'ಮಿಲ್ಟ್ರಿ ಮಾಸ್ತರ' ಅಂದರೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಹದಿನೆಂಟಕ್ಕೆ ಭರ್ತಿಯಾಗಿ, ಗಡಿ ಕಂಡು, ಪೆನ್ಶನ್ ಹಿಡಿದು ಊರಿಗೆ ಬಂದು ಶಾಲೆ ಸೇರಿದವರು. ಕಾರ್ಗಿಲ್ ಕಾಲದಲ್ಲಿ ಫೌಜಿನಲ್ಲಿದ್ದವರು ಈಗ ಐವತ್ತರ ಆಸುಪಾಸಿನಲ್ಲಿದ್ದಾರೆ. ಇಂಥವರು ರಾಜಕೀಯಕ್ಕೆ ಬರಬೇಕೆಂದು ಕಟ್ಟೆಯ ಮೇಲೆ ಎಲ್ಲರೂ ಹೇಳುತ್ತಾರೆ. ಬರಬೇಕು ಎಂಬುದೇ ನನ್ನ ಮಾತೂ. ಆದರೆ ಇವರು ಎಡವುವುದು ಭಾಷಣದಲ್ಲಲ್ಲ, ಕಾಗದಪತ್ರದಲ್ಲಿ.

ಇವರಿಗೆ ಹತ್ತಿರದ ಬಾಗಿಲು ವಿಧಾನ ಪರಿಷತ್ತಿನ ವಾಯವ್ಯ ಶಿಕ್ಷಕರ ಕ್ಷೇತ್ರ. ಮೂರೂ ಜಿಲ್ಲೆ ಸೇರಿ ಅದೊಂದೇ. ಪರಿಷತ್ತಿನ 75 ಸ್ಥಾನಗಳಲ್ಲಿ ಶಿಕ್ಷಕರ ಕ್ಷೇತ್ರಗಳು 7, ಅವಧಿ 6 ವರ್ಷ. 2022ರ ಜೂನ್‌ನಲ್ಲಿ ಕಾಂಗ್ರೆಸ್ಸಿನ ಪ್ರಕಾಶ ಹುಕ್ಕೇರಿಯವರು ಬಿಜೆಪಿಯ ಅರುಣ ಶಹಾಪುರ ಅವರನ್ನು ಸೋಲಿಸಿದ್ದು ಇಲ್ಲೇ. ಮುಂದಿನ ಸರದಿ 2028.

ಮೊದಲು ಮಾಸ್ತರಿಕೆಯ ಮಾತು. ಮೆಟ್ರಿಕ್ ಆದವರಿಗೆ 15 ವರ್ಷದ ಸೇವೆಯ ಮೇಲೆ ಸೈನ್ಯ ಪದವಿಗೆ ಸಮಾನವೆಂದು ಒಂದು ಪ್ರಮಾಣಪತ್ರ ಕೊಡುತ್ತದೆ. ಅದನ್ನು ನಂಬಿ ಬಿ.ಎಡ್.ಗೆ ಅರ್ಜಿ ಹಾಕಬೇಡಿ. ವೃತ್ತಿಪರ ಅರ್ಹತೆ ಕೇಳದ 'ಸಿ' ಗುಂಪಿನ ಹುದ್ದೆಗಳಿಗಷ್ಟೇ ಅದರ ಬೆಲೆ. ಬಿ.ಎಡ್.ಗೆ ವಿಶ್ವವಿದ್ಯಾಲಯದ ಪದವಿಯೇ ಬೇಕು, ಸಾಮಾನ್ಯ ವರ್ಗಕ್ಕೆ 50% ಅಂಕವೂ ಬೇಕು. ಹಾಗಾಗಿ ಸೇವೆಯಲ್ಲಿದ್ದಾಗಲೇ ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯದಲ್ಲಿ ಪದವಿ ಮುಗಿಸಿಕೊಂಡವರಿಗೆ ಮುಂದಿನ ದಾರಿ ಹಗುರ. ವಯಸ್ಸಿನ ಚಿಂತೆ ಅಷ್ಟಿಲ್ಲ: ರಾಜ್ಯದ ನೇಮಕಾತಿಯಲ್ಲಿ ಸೈನ್ಯದ ಸೇವಾವಧಿಯ ಜತೆಗೆ ಇನ್ನೂ 3 ವರ್ಷ ಸಡಿಲಿಕೆ ಸಿಗುತ್ತದೆ.

ಶಿಕ್ಷಕರ ಕ್ಷೇತ್ರ ಅಂದಮಾತ್ರಕ್ಕೆ ಎಲ್ಲ ಶಿಕ್ಷಕರಿಗೂ ಓಟಿಲ್ಲ. ಸಂವಿಧಾನದ 171ನೇ ವಿಧಿ ಪ್ರೌಢಶಾಲೆಗಿಂತ ಕೆಳಗಿನವರನ್ನು ಹೊರಗಿಟ್ಟಿದೆ. ಅ ಆ ಇ ಈ ತಿದ್ದಿಸುವ ಪ್ರಾಥಮಿಕ ಶಾಲೆಯ ಮಾಸ್ತರರಿಗೆ ಇದು ಅನ್ಯಾಯವೆಂದೇ ನನಗನಿಸುತ್ತದೆ. ಪ್ರೌಢಶಾಲೆ, ಕಾಲೇಜಿನವರೂ ತಾವಾಗಿ ಹೆಸರು ಬರೆಸಬೇಕು. ನಮೂನೆ 19 ತುಂಬಿ, ಸಂಸ್ಥೆಯ ಮುಖ್ಯಸ್ಥರಿಂದ ಬೋಧನಾ ಪ್ರಮಾಣಪತ್ರ ಲಗತ್ತಿಸಬೇಕು. ಅರ್ಹತಾ ದಿನಾಂಕ ನವೆಂಬರ್ 1. ಅದರ ಹಿಂದಿನ 6 ವರ್ಷಗಳಲ್ಲಿ ಒಟ್ಟು 3 ವರ್ಷ ಪಾಠ ಮಾಡಿರಬೇಕು. ಒಂದೇ ಸಮನೆ ಮಾಡಿರಬೇಕೆಂದಿಲ್ಲ, ನಡುವೆ ಬಿಡುವಾಗಿದ್ದರೂ ನಡೆಯುತ್ತದೆ. ಪ್ರತಿ ಚುನಾವಣೆಗೂ ಪಟ್ಟಿ ಹೊಸದಾಗಿ ತಯಾರಾಗುತ್ತದೆ. 'ಹೋದ ಸಲ ಹೆಸರಿತ್ತಲ್ಲ' ಅಂತ ಕೂತವರ ಓಟು ಹೋಗುವುದು ಇಲ್ಲಿಯೇ.

ಅಭ್ಯರ್ಥಿಗೆ ಮಾತ್ರ ಲೆಕ್ಕ ಬೇರೆ. ಅವನು ಶಿಕ್ಷಕನೇ ಆಗಿರಬೇಕೆಂದಿಲ್ಲ. 30 ವರ್ಷ ತುಂಬಿರಬೇಕು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರನಾಗಿರಬೇಕು, ಅಷ್ಟೇ. ಮಾಜಿ ಸೈನಿಕರು ಜಾರುವುದು ಈ 'ಅಷ್ಟೇ'ಯಲ್ಲಿ. ನೌಕರಿಯಲ್ಲಿದ್ದಾಗ ಹೆಸರು ಸೇವಾ ಮತದಾರರ ಪಟ್ಟಿಯಲ್ಲಿರುತ್ತದೆ. ನಿವೃತ್ತಿಯಾದ ಮೇಲೆ ನಮೂನೆ 6 ಕೊಟ್ಟು ಸಾಮಾನ್ಯ ಪಟ್ಟಿಗೆ ಸೇರಬೇಕು. ಅದು ತಾನಾಗಿ ಆಗುವುದಿಲ್ಲ. ಊರಿಗೆ ಬಂದ ವಾರದಲ್ಲೇ ಮುಗಿಸಬೇಕಾದ ಕೆಲಸ ಇದು.

ಸೈನ್ಯದ ಪೆನ್ಶನ್ ಸ್ಪರ್ಧೆಗೆ ಅಡ್ಡಿಯಲ್ಲ, ಸರ್ಕಾರಿ ಶಾಲೆಯ ಸಂಬಳ ಅಡ್ಡಿ. ರಜೆ ಹಾಕಿ ಚುನಾವಣೆಗೆ ನಿಲ್ಲಲಾಗದು. ರಾಜೀನಾಮೆ ಕೊಟ್ಟರೆ ಸಾಲದು, ಅಂಗೀಕಾರದ ಆದೇಶ ನಾಮಪತ್ರ ಸಲ್ಲಿಸುವ ಮೊದಲೇ ಕೈಯಲ್ಲಿದ್ದರೆ ಕ್ಷೇಮ. ಕಡತ ಮೇಜಿನಿಂದ ಮೇಜಿಗೆ ಹೋಗುವ ವೇಗ ಗೊತ್ತಿದ್ದವರು ತಿಂಗಳುಗಟ್ಟಲೆ ಮುಂಚೆ ಕೊಡುತ್ತಾರೆ. ಹಾಗೆ ಬಿಟ್ಟರೂ ಓಟು ಕೂಡಲೇ ಹೋಗುವುದಿಲ್ಲ, 6ರಲ್ಲಿ 3ರ ಲೆಕ್ಕ ಕಾಪಾಡುತ್ತದೆ.

ಠೇವಣಿ 10,000 ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 5,000. ನಾಮಪತ್ರಕ್ಕೆ ಸಹಿ ಹಾಕುವ ಸೂಚಕರು 10 ಜನ, ಎಲ್ಲರೂ ಇದೇ ಕ್ಷೇತ್ರದ ಮತದಾರರು. ಪಟ್ಟಿ ಹೊಸದಾದ್ದರಿಂದ ಹಳೆಯ ಭಾಗದ ಸಂಖ್ಯೆ, ಕ್ರಮಸಂಖ್ಯೆ ಬರೆದರೆ ತಾಳೆಯಾಗುವುದಿಲ್ಲ. ಹತ್ತೇ ಸಹಿ ಹಾಕಿಸಿ ಸುಮ್ಮನಾಗದೆ ಹೆಚ್ಚುವರಿ ನಾಮಪತ್ರದ ಪ್ರತಿ ಬೇರೆ ಸೂಚಕರಿಂದ ಮಾಡಿಸಿಡಿ. ಆಸ್ತಿ, ಮೊಕದ್ದಮೆಗಳ ವಿವರ ಕೊಡುವ ನಮೂನೆ 26ರ ಪ್ರಮಾಣಪತ್ರದಲ್ಲಿ ಒಂದು ಅಂಕಣವನ್ನೂ ಖಾಲಿ ಬಿಡಬಾರದು, ಇಲ್ಲದ್ದಕ್ಕೆ 'ಇಲ್ಲ' ಎಂದೇ ಬರೆಯಬೇಕು.

ಪ್ರಚಾರದಲ್ಲಿ ಸಮವಸ್ತ್ರದ ಫೋಟೊ ಬೇಡ. ರಕ್ಷಣಾ ಪಡೆಯವರ ಚಿತ್ರ ಬಳಸಬಾರದೆಂದು ಚುನಾವಣಾ ಆಯೋಗ 2013ರಲ್ಲೂ 2019ರಲ್ಲೂ ಪಕ್ಷಗಳಿಗೆ ತಿಳಿಸಿದೆ. ತನ್ನದೇ ಹಳೆಯ ಫೋಟೊ ಎಂದು ವಾದಿಸುತ್ತ ನೋಟಿಸಿಗೆ ಉತ್ತರ ಬರೆಯುವ ಹೊತ್ತಿನಲ್ಲಿ ಹತ್ತು ಶಾಲೆ ಸುತ್ತಬಹುದು.

ಇನ್ನು ಮತಪತ್ರ. ಇಲ್ಲಿ ಯಂತ್ರವಿಲ್ಲ, ಕಾಗದ. ಮತಗಟ್ಟೆಯಲ್ಲಿ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದಲೇ ಹೆಸರಿನೆದುರು 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಕನ್ನಡ ಅಂಕಿಯೂ ನಡೆಯುತ್ತದೆ. 'ಒಂದು' ಎಂದು ಅಕ್ಷರದಲ್ಲಿ ಬರೆದರೆ ಕುಲಗೆಟ್ಟಿತು. ಜೇಬಿನ ಪೆನ್ನು ತೆಗೆದರೂ, ಇಬ್ಬರಿಗೆ 1 ಕೊಟ್ಟರೂ, 1 ಬಿಟ್ಟು 2ರಿಂದ ಶುರುಮಾಡಿದರೂ, ಸಹಿ ಹಾಕಿದರೂ ಅಷ್ಟೇ. ಉತ್ತರಪತ್ರಿಕೆಗೆ ಜೀವಮಾನವಿಡೀ ರೈಟ್ ಗುರುತು ಹಾಕಿದ ಕೈ ಇಲ್ಲೂ ಅದನ್ನೇ ಹಾಕಿಬಿಡುತ್ತದೆ. ಆ ಮತವೂ ತಿರಸ್ಕೃತ. ಪ್ರಚಾರಕ್ಕೆ ಹೋದಲ್ಲೆಲ್ಲ ಮಾದರಿ ಮತಪತ್ರ ಹರವಿ ತೋರಿಸುವುದು ಹಾರ ಹಾಕಿಸಿಕೊಳ್ಳುವುದಕ್ಕಿಂತ ಮುಖ್ಯ.

ಎಣಿಕೆಯಲ್ಲಿ ಸಿಂಧು ಮತಗಳ ಅರ್ಧಕ್ಕೆ ಒಂದು ಕೂಡಿಸಿದರೆ ಕೋಟಾ, ಅಂದರೆ ಗೆಲ್ಲಲು ಬೇಕಾದ ಮತ. ಉದಾಹರಣೆಗೆ 20,000 ಸಿಂಧುವಾದರೆ 10,001. ಮೊದಲ ಸುತ್ತಿನಲ್ಲಿ ಯಾರೂ ಮುಟ್ಟದಿದ್ದರೆ ಕೊನೆಯವನನ್ನು ಕೈಬಿಟ್ಟು, ಅವನ ಮತಪತ್ರಗಳನ್ನು ಮುಂದಿನ ಪ್ರಾಶಸ್ತ್ಯ ನೋಡಿ ಉಳಿದವರಿಗೆ ಹಂಚುತ್ತಾರೆ. ಹೀಗಾಗಿ ಎದುರಾಳಿಯ ಬೆಂಬಲಿಗರ ಸ್ಟಾಫ್ ರೂಮಿಗೂ ಹೋಗಿ, 'ಒಂದು ಅವರಿಗೇ ಇರಲಿ ಸರ್, ಎರಡು ನನಗೆ ಕೊಡ್ರಿ' ಎಂದು ಕೇಳಬೇಕು. ಹಿಂದೆ ಸರಿಯಬಾರದೆಂದು ಕಲಿತ ಫೌಜಿಗೆ ಎರಡನೆಯದನ್ನು ಬೇಡುವುದು ಸುಲಭವಲ್ಲ, ಆದರೆ ಕೊನೆಯ ಸುತ್ತುಗಳಲ್ಲಿ ಅವನ ಕಟ್ಟು ಬೆಳೆಯುವುದು ಆ ಎರಡರಿಂದಲೇ.