ಖೀವಾದಿಂದ ಮರ್ಗಿಲಾನ್‌ವರೆಗೆ: ಅಮ್ಮನ ಜೊತೆ ರೇಷ್ಮೆ ದಾರಿಯಲ್ಲಿ 12 ದಿನ

ನಮ್ಮದು ಶಿಡ್ಲಘಟ್ಟದ ಕಡೆಯ ಮನೆ. ಅಮ್ಮ ಮೂವತ್ತು ವರ್ಷ ರೇಷ್ಮೆ ಹುಳು ಸಾಕಿದವರು. ರೇಷ್ಮೆ ದಾರಿ ಅಂತ ಹಳೇ ಕಾಲದ ವ್ಯಾಪಾರದ ದಾರಿ ಒಂದಿದೆ, ಆ ಊರುಗಳು ಉಜ್ಬೇಕಿಸ್ತಾನದಲ್ಲಿ ಇವತ್ತಿಗೂ ಇವೆ ಎಂದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಈಗಲೂ ಹುಳು ಸಾಕ್ತಾರಾ?" ಸಾಕುತ್ತಾರೆ. ಹಾಗಾಗಿ ಕಳೆದ ಅಕ್ಟೋಬರ್‌ನಲ್ಲಿ ಇಬ್ಬರೂ ಹೋಗಿ ಬಂದೆವು. ಅದೇ ದಾರಿಯಲ್ಲಿ ಹೊರಡುವವರಿಗೆ, ಅದರಲ್ಲೂ ವಯಸ್ಸಾದವರನ್ನು ಕರೆದುಕೊಂಡು ಹೋಗುವವರಿಗೆ, ಇದು ಉಪಯೋಗಕ್ಕೆ ಬರಬಹುದು.

ಮೊದಲು ಯಾವ ಊರಿಂದ ಶುರು ಮಾಡಬೇಕು ಎನ್ನುವುದು. ಹೆಚ್ಚಿನವರು ತಾಷ್ಕೆಂಟ್‌ಗೆ ಇಳಿದು, ಮರುದಿನವೇ ಸಮರ್‌ಕಂದ್‌ಗೆ ಓಡುತ್ತಾರೆ. ನಾವು ಉಲ್ಟಾ ಮಾಡಿದೆವು. ತಾಷ್ಕೆಂಟ್‌ನಲ್ಲಿ ಒಂದು ರಾತ್ರಿ ಮಲಗಿ, ದೇಶದೊಳಗಿನ ವಿಮಾನದಲ್ಲಿ ಪಶ್ಚಿಮದ ಉರ್ಗೆಂಚ್‌ಗೆ ಹೋಗಿ, ಅಲ್ಲಿಂದ ಟ್ಯಾಕ್ಸಿಯಲ್ಲಿ ಖೀವಾ ಸೇರಿಕೊಂಡೆವು. ಆಮೇಲೆ ಬುಖಾರಾ, ಸಮರ್‌ಕಂದ್ ನೋಡುತ್ತಾ ರೈಲಿನಲ್ಲಿ ವಾಪಸ್ ಬಂದೆವು. ಖೀವಾ ಕೈಯಳತೆಯ ಊರು, ಬುಖಾರಾ ಅದಕ್ಕಿಂತ ದೊಡ್ಡದು, ಸಮರ್‌ಕಂದ್ ಭಾರೀ. ಸಮರ್‌ಕಂದ್ ಮೊದಲೇ ನೋಡಿಬಿಟ್ಟರೆ ಖೀವಾ ಚಿಕ್ಕದಾಗಿ ಕಂಡುಬಿಡುತ್ತದೆ. ಆ ಊರಿಗೆ ಅದು ಅನ್ಯಾಯ.

ಎರಡನೆಯದು ರೈಲು ಟಿಕೆಟ್. ಹೋಟೆಲ್ ಯಾವಾಗ ಬೇಕಾದರೂ ಸಿಗುತ್ತದೆ, ಅಫ್ರೊಸಿಯಾಬ್ ಎನ್ನುವ ವೇಗದ ರೈಲಿನಲ್ಲಿ ಸೀಟು ಸಿಗುವುದಿಲ್ಲ. ಬುಕಿಂಗ್ ತೆರೆದ ವಾರದಲ್ಲೇ ತೆಗೆದುಕೊಳ್ಳಿ, ಆಮೇಲೆ ಆ ತಾರೀಕಿಗೆ ಹೋಟೆಲ್ ಹೊಂದಿಸಿ. ನಾನು ಹತ್ತು ದಿನ ಸುಮ್ನೆ ತಡ ಮಾಡಿದೆ, ಬುಖಾರಾದಿಂದ ಸಮರ್‌ಕಂದ್‌ಗೆ ಸೀಟು ಖಾಲಿಯಾಗಿತ್ತು. ನಿಧಾನದ ರೈಲಿನಲ್ಲಿ ಹೋದೆವು. ಟಿಕೆಟ್‌ಗೆ ಪಾಸ್‌ಪೋರ್ಟ್ ನಂಬರ್ ಬೇಕು, ಸ್ಟೇಷನ್ ಬಾಗಿಲಲ್ಲೇ ಪಾಸ್‌ಪೋರ್ಟ್ ನೋಡುತ್ತಾರೆ. ನಮ್ಮಲ್ಲಿ ಅಪ್ಪನ ಹೆಸರು, ಊರಿನ ಹೆಸರು, ಇನಿಷಿಯಲ್ ಎಲ್ಲಾ ಸೇರಿ ಹೆಸರು ಉದ್ದವಾಗಿರುತ್ತದೆ ಅಲ್ವಾ? ವೀಸಾ, ವಿಮಾನ, ರೈಲು, ಮೂರರಲ್ಲೂ ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಅಕ್ಷರ ಬಿಡದೆ ಬರೆಯಿರಿ.

ವೀಸಾ ಆನ್‌ಲೈನ್‌ನಲ್ಲೇ ಆಗುತ್ತದೆ. 30 ದಿನದ್ದಕ್ಕೆ ನಾವು ಕೊಟ್ಟಿದ್ದು ತಲಾ 20 ಡಾಲರ್. ಎರಡು ವಾರ ಮೊದಲೇ ಹಾಕಿಬಿಡಿ. ಪ್ರತಿ ಹೋಟೆಲ್‌ನಲ್ಲೂ ನಿಮ್ಮ ಹೆಸರು ನೋಂದಾಯಿಸಿ ಒಂದು ಚೀಟಿ ಕೊಡುತ್ತಾರೆ. ಕೊಡದಿದ್ದರೆ ಕೇಳಿ ಪಡೆಯಿರಿ, ದೇಶ ಬಿಡುವವರೆಗೆ ಇಟ್ಟುಕೊಳ್ಳಿ. ಅಮ್ಮನ ಮಾತ್ರೆಗಳಿಗೆ ಡಾಕ್ಟರ್ ಚೀಟಿ ಇಟ್ಟುಕೊಂಡಿದ್ದೆ. ಟ್ರಾಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆಗಳ ವಿಷಯದಲ್ಲಿ ಅಲ್ಲಿ ತುಂಬಾ ಬಿಗಿ, ಹೊರಡುವ ಮೊದಲು ಔಷಧಿ ಪೆಟ್ಟಿಗೆ ಒಮ್ಮೆ ನೋಡಿಕೊಳ್ಳಿ. ಏಪ್ರಿಲ್-ಮೇ ಇಲ್ಲವೇ ಸೆಪ್ಟೆಂಬರ್-ಅಕ್ಟೋಬರ್ ಒಳ್ಳೆಯ ಕಾಲ. ಜೂನ್ ಕೊನೆಯಿಂದ 40 ದಿನದ ಉರಿಬಿಸಿಲಿಗೆ ಅವರು 'ಚಿಲ್ಲಾ' ಎನ್ನುತ್ತಾರೆ. ಆಗ ಹೋಗಲೇಬೇಡಿ.

ಖೀವಾದಲ್ಲಿ ಇಚಾನ್ ಕಲಾ ಎನ್ನುವ ಒಳಕೋಟೆಯೊಳಗೇ ಉಳಿದುಕೊಳ್ಳಿ. ಸುತ್ತ ಸುಮಾರು 10 ಮೀಟರ್ ಎತ್ತರದ ಮಣ್ಣಿನ ಗೋಡೆ. ಹತ್ತಿರ ಹೋಗಿ ನೋಡಿದರೆ ಮಣ್ಣಿನಲ್ಲಿ ಕಲಸಿದ ಹುಲ್ಲಿನ ಎಳೆಗಳು ಕಾಣುತ್ತವೆ, ನಮ್ಮ ಹಳೇ ಮನೆಗಳ ಮಣ್ಣುಗೋಡೆಯ ಹಾಗೇ. ಅಮ್ಮ ಕೈಯಿಟ್ಟು ನೋಡಿದರು. ಜುಮಾ ಮಸೀದಿಯನ್ನು ತಪ್ಪಿಸಬೇಡಿ. ಹೊರಗಿಂದ ಏನೂ ಇಲ್ಲ ಅನ್ನಿಸುತ್ತದೆ, ಒಳಗೆ 200ಕ್ಕೂ ಹೆಚ್ಚು ಕೆತ್ತನೆಯ ಮರದ ಕಂಬಗಳು. ಕೆಲವು ಸಾವಿರ ವರ್ಷ ಹಳೆಯವು. ಬೆಳಕು ಚಾವಣಿಯ ಕಿಂಡಿಯಿಂದ ಮಾತ್ರ ಬೀಳುತ್ತದೆ. ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋದರೆ ಆ ಕಂಬಗಳ ನಡುವೆ ನೀವೊಬ್ಬರೇ ಇರುತ್ತೀರಿ.

ಅಲ್ಲಿಂದ ಬುಖಾರಾಗೆ ಕಿಜಿಲ್‌ಕುಮ್ ಮರುಭೂಮಿಯ ಮೂಲಕ ಸುಮಾರು 450 ಕಿಲೋಮೀಟರ್ ದಾರಿ. ಹಗಲು ಪೂರಾ ಹೋಯಿತು. ಕಾರಿಗಿಂತ ರೈಲು ವಾಸಿ, ನಾಲ್ಕು ಬರ್ತ್‌ನ 'ಕುಪೆ' ತೆಗೆದುಕೊಂಡರೆ ವಯಸ್ಸಾದವರು ಮಲಗಬಹುದು. ಊಟ ಕಟ್ಟಿಕೊಂಡೇ ಹತ್ತಿ. ಬುಖಾರಾ ಸ್ಟೇಷನ್ ಇರುವುದು ಕಾಗಾನ್ ಎನ್ನುವ ಪಕ್ಕದ ಊರಿನಲ್ಲಿ, ಹಳೇ ಪೇಟೆಗೆ ಮತ್ತೆ ಟ್ಯಾಕ್ಸಿ ಬೇಕು. ಫೋನಿನಲ್ಲಿ ಯಾಂಡೆಕ್ಸ್ ಎನ್ನುವ ಟ್ಯಾಕ್ಸಿ ಆ್ಯಪ್ ಇದ್ದರೆ ಚೌಕಾಸಿ ಮಾಡುವ ಕಷ್ಟವಿಲ್ಲ.

ಎಲ್ಲದಕ್ಕಿಂತ ಜಾಸ್ತಿ ದಿನ ಬುಖಾರಾಗೆ ಕೊಡಿ. ಮೂರು ರಾತ್ರಿ ಬೇಕೇ ಬೇಕು. ಇದು ಈಗಲೂ ಪೇಟೆ. 16ನೇ ಶತಮಾನದ ಗುಮ್ಮಟದ ಬಜಾರುಗಳು ಹಾಗೇ ನಿಂತಿವೆ. ಒಂದು ಅಕ್ಕಸಾಲಿಗರದು, ಒಂದು ಟೋಪಿ ಮಾರುವವರದು, ಒಂದು ಹಣ ಬದಲಾಯಿಸುವವರದು. ಆ ಮೂರನೆಯದು ತೋಕಿ ಸರ್ರಾಫಾನ್. ನಮ್ಮ ಸರಾಫ ಎನ್ನುವ ಮಾತೇ ಅದು. ಈಗ ಪಾಕಿಸ್ತಾನದಲ್ಲಿರುವ ಮುಲ್ತಾನ್, ಶಿಕಾರ್‌ಪುರದ ಕಡೆಯ ಹಿಂದೂ ಸಾಹುಕಾರರು ಹಿಂದೆ ಬುಖಾರಾದಲ್ಲಿ ಲೇವಾದೇವಿ ನಡೆಸುತ್ತಿದ್ದರು. ಉಜ್ಬೇಕ್ ಮಾತಿನಲ್ಲಿ ಬಜಾರು 'ಬೊಜೊರ್', ದುಕಾನು 'ದೊಕೊನ್', ದರವಾಜು 'ದರ್ವೊಜಾ', ಹವಾ 'ಹವೊ'. ಅಮ್ಮನಿಗೆ ಹಿಂದಿಯೂ ಬಾರದು, ಆದರೆ ಎರಡೇ ದಿನದಲ್ಲಿ ಅರ್ಧ ವ್ಯವಹಾರ ಕನ್ನಡದಲ್ಲೇ ಆಗುತ್ತಿತ್ತು. ಒಂದು ಮಾತಿನಲ್ಲಿ ಮಾತ್ರ ಎಚ್ಚರ. ಹಿಂದಿಯಲ್ಲಿ 'ಸಬ್ಜಿ' ಎಂದರೆ ತರಕಾರಿ, ಅಲ್ಲಿ ಕ್ಯಾರೆಟ್. ಬರೀ ಸಬ್ಜಿ ಸಾಕು ಎಂದು ಹೇಳಿದ್ದಕ್ಕೆ ತಟ್ಟೆ ತುಂಬಾ ಕ್ಯಾರೆಟ್ ಬಂತು.

ಸಸ್ಯಾಹಾರಿಗಳು 'ಗೋಶ್ಟ್‌ಸಿಜ್' ಎನ್ನುವ ಮಾತು ಕಲಿಯಿರಿ, ಮಾಂಸ ಬೇಡ ಎಂದರ್ಥ. ಆದರೂ ಸೂಪು, ಪ್ಲೋವ್ ಎನ್ನುವ ಅಲ್ಲಿನ ಪಲಾವ್ ಬಿಡಿ, ಮಾಂಸ ಬೇಯಿಸಿದ ರಸದಲ್ಲೇ ಮಾಡುತ್ತಾರೆ. ಕುಂಬಳಕಾಯಿ ಸಂಸಾ, ಟೊಮೇಟೊ ಈರುಳ್ಳಿಯ ಅಚಿಚುಕ್, ಮೊಸರು, ಹಣ್ಣು, ಒಣದ್ರಾಕ್ಷಿ, ಜೊತೆಗೆ ತಂದೂರಿನಿಂದ ತೆಗೆದ ನೋನ್ ರೊಟ್ಟಿ, ಇವನ್ನು ತಿನ್ನಬಹುದು. ಈ ರೊಟ್ಟಿಯನ್ನು ಕವುಚಿ ಹಾಕಬಾರದು, ನೆಲಕ್ಕೆ ಇಡಬಾರದು. ಅನ್ನಕ್ಕೆ ನಾವು ಕೊಡುವ ಮರ್ಯಾದೆಯೇ. ಚಟ್ನಿಪುಡಿ ಒಯ್ದಿದ್ದು ನಮ್ಮನ್ನು ಕಾಪಾಡಿತು.

ಬುಖಾರಾದಲ್ಲಿ ಸಾಮಾನಿದ್ ಅರಸರ ಸಮಾಧಿ 10ನೇ ಶತಮಾನದ್ದು. ಬಣ್ಣವಿಲ್ಲ, ಬರೀ ಸುಟ್ಟ ಇಟ್ಟಿಗೆ. ಅದನ್ನೇ ಬುಟ್ಟಿ ಹೆಣೆದ ಹಾಗೆ ಜೋಡಿಸಿದ್ದಾರೆ. ಬಿಸಿಲು ಸರಿದಂತೆ ಗೋಡೆಯ ಹೆಣಿಗೆ ಬದಲಾಗುತ್ತದೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಹೋಗಿ. 1127ರ ಕಲ್ಯಾನ್ ಮಿನಾರು ಹೇಗೂ ಎಲ್ಲಿಂದ ಬೇಕಾದರೂ ಕಾಣುತ್ತದೆ.

ಸಮರ್‌ಕಂದ್‌ನ ರೆಗಿಸ್ತಾನ್ ಚೌಕದ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಫೋಟೋ ನೋಡಿಯೇ ಹೊರಟಿರುತ್ತೀರಿ. ಮೂರು ಮದರಸಾಗಳಲ್ಲಿ ಹಳೆಯದನ್ನು ಕಟ್ಟಿಸಿದ್ದು ಉಲುಗ್ ಬೇಗ್. ಸಮರ್‌ಕಂದ್‌ನಿಂದ ಆಳಿದ ದೊರೆ ತೈಮೂರನ ಮೊಮ್ಮಗ, ಖಗೋಳ ಬಲ್ಲವನು. ಅವನ ವೀಕ್ಷಣಾಲಯದ ನೆಲದಡಿಯಲ್ಲಿ ಸೂರ್ಯ, ನಕ್ಷತ್ರಗಳ ಎತ್ತರ ಅಳೆಯುವ ಕಲ್ಲಿನ ಕಮಾನು 1908ರಲ್ಲಿ ಅಗೆದಾಗ ಸಿಕ್ಕಿತು. ಅದನ್ನು ನೋಡಲೇಬೇಕು. ಜೈಪುರದ ಜಂತರ್ ಮಂತರ್ ಕಟ್ಟಿಸಿದ ಜೈಸಿಂಗ್ ಉಲುಗ್ ಬೇಗ್‌ನ ನಕ್ಷತ್ರ ಕೋಷ್ಟಕಗಳನ್ನು ಅಭ್ಯಾಸ ಮಾಡಿದ್ದ. ಬೀದರ್‌ನ ಮಹಮೂದ್ ಗವಾನ್ ಮದರಸಾ ನೋಡಿದವರಿಗೆ ರೆಗಿಸ್ತಾನ್ ಮುಂದೆ ನಿಂತಾಗ ಪರಿಚಯದ ಮುಖ ಕಂಡಂತಾಗುತ್ತದೆ. ಬೀದರ್‌ನಲ್ಲಿ ಉದುರಿಹೋದ ನೀಲಿ ಹಂಚು ಇಲ್ಲಿ ಗೋಡೆ ತುಂಬಾ ಇದೆ. ನೋಡದಿದ್ದವರು ಹೊರಡುವ ಮೊದಲು ಒಮ್ಮೆ ಬೀದರ್‌ಗೆ ಹೋಗಿ ಬನ್ನಿ.

ಕೊನೆಗೆ ಅಮ್ಮನಿಗಾಗಿಯೇ ಹೋದ ರೇಷ್ಮೆ ಊರು, ಮರ್ಗಿಲಾನ್. ತಾಷ್ಕೆಂಟ್‌ನಿಂದ ರೈಲಿನಲ್ಲಿ ಫರ್ಗಾನಾ ಕಣಿವೆಗೆ, 19 ಕಿಲೋಮೀಟರ್ ಉದ್ದದ ಸುರಂಗ ದಾಟಿ. ದಾರಿಯುದ್ದಕ್ಕೂ ಹೊಲದ ಬದುವಿನಲ್ಲಿ ಹಿಪ್ಪುನೇರಳೆ ಮರಗಳು. ನಮ್ಮಲ್ಲಿ ಗಿಡ ಮಾಡಿ ಕತ್ತರಿಸುತ್ತೇವೆ, ಅಲ್ಲಿ ದಪ್ಪ ಕಾಂಡದ ಮರ ಬೆಳೆಸಿ ರೆಂಬೆ ಕಡಿಯುತ್ತಾರೆ. ಯೊದ್ಗೊರ್ಲಿಕ್ ಎನ್ನುವ ನೇಯ್ಗೆ ಕಾರ್ಖಾನೆಯಲ್ಲಿ ಗೂಡಿನಿಂದ ಬಟ್ಟೆಯವರೆಗೆ ಎಲ್ಲಾ ಕೆಲಸ ನೋಡಬಹುದು. ಕೆಲಸದ ದಿನವೇ ಹೋಗಿ, ಭಾನುವಾರ ಬೇಡ.

ಬಾಗಿಲಲ್ಲೇ ಅಮ್ಮ ನಿಂತುಬಿಟ್ಟರು. ಬಿಸಿನೀರಿನಲ್ಲಿ ಗೂಡು ಬೇಯುವ ವಾಸನೆ. ಒಳಗೆ ಒಬ್ಬ ಹೆಂಗಸು ಬೋಗುಣಿಯ ಮುಂದೆ ಕೂತು ನೂಲು ಬಿಚ್ಚುತ್ತಿದ್ದರು. "ನಮ್ಮ ಗೂಡು ಹಳದಿ, ಇದು ಬಿಳಿ" ಎಂದು ಅಮ್ಮ ನನಗೆ ಹೇಳಿ, ಆಕೆಯ ಪಕ್ಕದಲ್ಲಿ ಕೂತರು. ನೀರಿಗೆ ಬೆರಳದ್ದಿ, ಒಂದು ಗೂಡಿನ ಎಳೆಯ ತುದಿ ಹಿಡಿದು ಮೇಲೆತ್ತಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಎಳೆ, ಬೆಳಕಿಗೆ ಒಮ್ಮೆ ಹೊಳೆಯಿತು. ಆಕೆ ನಕ್ಕು ತನ್ನ ಜಾಗ ಬಿಟ್ಟುಕೊಟ್ಟರು. ಅರ್ಧ ಗಂಟೆ ನಾನು ಯಾರಿಗೂ ಬೇಕಾಗಿರಲಿಲ್ಲ.

ಅಲ್ಲಿ ರೇಷ್ಮೆ-ಹತ್ತಿ ಬೆರೆಸಿದ ಅದ್ರಸ್ ಬಟ್ಟೆ ಚೆನ್ನಾಗಿರುತ್ತದೆ. ನೂಲಿಗೆ ಮೊದಲೇ ಗಂಟು ಕಟ್ಟಿ ಬಣ್ಣ ಹಾಕಿ ಆಮೇಲೆ ನೇಯುವುದರಿಂದ ಬಣ್ಣಗಳ ಅಂಚು ಮೋಡದ ಹಾಗೆ ಹರಡಿರುತ್ತದೆ. ಕೈಮಗ್ಗದ ಬಟ್ಟೆಯ ಅಗಲ ಸುಮಾರು ಒಂದೂವರೆ ಅಡಿ ಮಾತ್ರ. ನಾವು ಅಳತೆ ತಿಳಿಯದೆ ಎರಡು ಮೀಟರ್ ತಂದೆವು, ಅಮ್ಮನಿಗೆ ರವಿಕೆ ಆಯಿತು, ಅಕ್ಕನಿಗೆ ಸಾಲಲಿಲ್ಲ. ಎಷ್ಟು ಬೇಕು ಎಂದು ನಿಮ್ಮ ಟೈಲರನ್ನು ಕೇಳಿಕೊಂಡೇ ಹೊರಡಿ.